ಬಿ.ಕಾಂ ಆಯ್ತು, ಆಡಿಟರ್ ಆಫೀಸಿನ ಒಳಗೆ ಹೋಗುವುದು ಹೇಗೆ?

ಪ್ರಶ್ನೆ: ಸರ್, ನಮ್ಮದು ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿ. ಈ ವರ್ಷ ಹಾವೇರಿಯಲ್ಲಿ ಬಿ.ಕಾಂ ಮುಗಿಸಿದೆ. ಶೇ. 58 ಆಗಿದೆ. ಪಿಯುಸಿ ತನಕ ಕನ್ನಡ ಮಾಧ್ಯಮ. ಆಡಿಟ್ ಕೆಲಸ ಕಲಿಯಬೇಕು, ಆದರೆ ಸಿಎ ಕೂಡ ಮಾಡಬೇಕು ಅಂತ ಆಸೆ ಇದೆ. ಹುಬ್ಬಳ್ಳಿಯಲ್ಲಿ ನಾಲ್ಕೈದು ಸಿಎ ಆಫೀಸಿಗೆ ರೆಸ್ಯೂಮ್ ಕೊಟ್ಟು ಬಂದೆ. ಎಲ್ಲರೂ 'ಎಕ್ಸ್‌ಪೀರಿಯನ್ಸ್ ಇದೆಯಾ' ಅಂತ ಕೇಳಿದರು. ಆಮೇಲೆ ಯಾರೂ ಫೋನ್ ಮಾಡಲಿಲ್ಲ. ಈ ಲೈನಿನಲ್ಲಿ ನಮಗೆ ಪರಿಚಯದವರು ಯಾರೂ ಇಲ್ಲ. ಕಾಕಾನ ಮಗ ಬೆಂಗಳೂರಿಗೆ ಬಾ ಅಂತಾನೆ. ಅಪ್ಪ ಮೆಣಸಿನಕಾಯಿ ಬೆಳೆಯುತ್ತಾರೆ, ಅವರು ಬ್ಯಾಂಕ್ ಪರೀಕ್ಷೆ ಬರಿ ಅಂತಾರೆ. ಆಡಿಟ್ ಅಂದರೆ ಊರೂರು ತಿರುಗಬೇಕು, ರಾತ್ರಿ ತಡವಾಗುತ್ತದೆ, ಹೆಣ್ಣುಮಗಳಿಗೆ ಹೇಗೆ ಅಂತ ಮನೆಯಲ್ಲಿ ಚಿಂತೆ. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯ ಕೋರ್ಸ್ ಮಾಡಿದರೆ ಕೆಲಸ ಸಿಗುತ್ತದೆಯೇ? ನಾನೇನು ಮಾಡಲಿ?

ಉತ್ತರ: ಫೋನ್ ಯಾಕೆ ಬರಲಿಲ್ಲ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಶೇ. 58 ಅದಕ್ಕೆ ಕಾರಣವಲ್ಲ. ಹಳ್ಳಿಯೂ ಅಲ್ಲ, ಕನ್ನಡ ಮಾಧ್ಯಮವೂ ಅಲ್ಲ. ನೀವು ಯಾವ ಕೆಲಸ ಕೇಳಿಕೊಂಡು ಬಂದಿದ್ದೀರಿ ಎಂಬುದೇ ಆ ಆಫೀಸಿನವರಿಗೆ ತಿಳಿದಿರುವುದಿಲ್ಲ.

ನಮ್ಮ ಕಡೆಯ ಸಿಎ ಆಫೀಸುಗಳಲ್ಲಿ ಹೊಸಬರಿಗೆ ಇರುವುದು ಎರಡೇ ಜಾಗ. ಒಂದು ಅಸಿಸ್ಟೆಂಟ್. ಸಂಬಳದ ಕೆಲಸ. ಲೆಕ್ಕ ಬರೆಯುವುದು, ಜಿಎಸ್‌ಟಿ ರಿಟರ್ನ್ ಹಾಕುವುದು, ಪಾರ್ಟಿಗಳಿಂದ, ಅಂದರೆ ಆಫೀಸಿನ ಗಿರಾಕಿಗಳಿಂದ, ಬಿಲ್ಲು, ಸ್ಟೇಟ್‌ಮೆಂಟ್ ತರಿಸಿಕೊಳ್ಳುವುದು. ಇನ್ನೊಂದು ಆರ್ಟಿಕಲ್. ಇವರು ಸಿಎ ಓದುವವರು, ಸಿಎ ಪರೀಕ್ಷೆ ನಡೆಸುವ ಸಂಸ್ಥೆ ಐಸಿಎಐನಲ್ಲಿ ಹೆಸರು ನೋಂದಾಯಿಸಿ ತರಬೇತಿಗೆ ಕೂರುವವರು. ನೀವು ಹೋಗಿ 'ಕೆಲಸ ಕಲಿಯಬೇಕು, ಸಿಎ ಕೂಡ ಮಾಡಬೇಕು' ಅಂದಿರುತ್ತೀರಿ. ಅಸಿಸ್ಟೆಂಟ್ ಅಂತ ತೆಗೆದುಕೊಂಡರೆ ಈ ಹುಡುಗಿ ವರ್ಷದೊಳಗೆ ಓದಲು ಬಿಟ್ಟು ಹೋಗುತ್ತಾಳೆ ಅಂತ ಅವರ ಲೆಕ್ಕ. ಆರ್ಟಿಕಲ್ ಅಂತ ತೆಗೆದುಕೊಳ್ಳೋಣ ಅಂದರೆ ನೀವಿನ್ನೂ ಇಂಟರ್, ಅಂದರೆ ಸಿಎಯ ನಡುವಿನ ಹಂತದ ಪರೀಕ್ಷೆ, ಪಾಸಾಗಿಲ್ಲ. ಹೀಗಾಗಿ ರೆಸ್ಯೂಮ್ ಡ್ರಾಯರ್ ಸೇರಿತು.

ಆದ್ದರಿಂದ ಮೊದಲು ನೀವು ಒಂದು ನಿರ್ಧಾರಕ್ಕೆ ಬರಬೇಕು. ಪರಿಚಯ, ಬೆಂಗಳೂರು, ಟ್ಯಾಲಿ ಎಲ್ಲ ಆಮೇಲಿನ ಮಾತು.

ಸಿಎ ದಾರಿ ಹೇಗಿದೆ ಎಂದು ಹೇಳುತ್ತೇನೆ. ಬಿ.ಕಾಂ ಆದವರಿಗೆ ಶೇ. 55 ಇದ್ದರೆ ಮೊದಲ ಹಂತದ ಫೌಂಡೇಶನ್ ಪರೀಕ್ಷೆ ಬೇಡ, ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಹೆಸರು ಹಚ್ಚಬಹುದು. ಬೇರೆ ಪದವಿಯವರಿಗೆ ಇದೇ ಮಿತಿ ಶೇ. 60. ನಿಮಗೆ ಬಾಗಿಲು ತೆರೆದೇ ಇದೆ. 2023ರ ಜುಲೈ 1ರಿಂದ ಹೊಸ ಪದ್ಧತಿ ಬಂದಿದೆ. ಅದರಂತೆ ಹೆಸರು ಹಚ್ಚಿದ ಮೇಲೆ 8 ತಿಂಗಳು ಓದಿನ ಅವಧಿ. ನಂತರ ಇಂಟರ್ ಪರೀಕ್ಷೆ. ಎರಡು ಗ್ರೂಪ್, ಒಟ್ಟು ಆರು ಪೇಪರ್. ಪ್ರತಿ ಪೇಪರ್‌ನಲ್ಲಿ ಕನಿಷ್ಠ 40, ಗ್ರೂಪಿನ ಒಟ್ಟು ಅಂಕದಲ್ಲಿ ಶೇ. 50 ಬರಬೇಕು. ಎರಡೂ ಗ್ರೂಪ್ ಪಾಸಾಗಿ, ಕಂಪ್ಯೂಟರ್ ಮತ್ತು ವೃತ್ತಿ ಕೌಶಲ ಕಲಿಸುವ ನಾಲ್ಕು ವಾರದ ಐಸಿಐಟಿಎಸ್‌ಎಸ್ ತರಬೇತಿ ಮುಗಿಸಿದ ಮೇಲೆ ಎರಡು ವರ್ಷ ಆರ್ಟಿಕಲ್‌ಶಿಪ್. ಅದು ಮುಗಿದು ಆರು ತಿಂಗಳು ಕಳೆದ ಮೇಲೆ ಫೈನಲ್. ಎಲ್ಲ ಮೊದಲ ಸಲಕ್ಕೇ ದಾಟಿದರೂ ನಾಲ್ಕು ವರ್ಷದ ಹತ್ತಿರ ಬರುತ್ತದೆ. ಇದನ್ನು ಅಪ್ಪನಿಗೆ ಈಗಲೇ ಹೇಳಿ. ಎರಡು ವರ್ಷದಲ್ಲಿ ಮುಗಿಯುತ್ತದೆ ಅಂತ ಮನೆಯಲ್ಲಿ ಹೇಳಿ ಆಮೇಲೆ ಒದ್ದಾಡುವವರನ್ನು ನಾನು ಸಾಕಷ್ಟು ನೋಡಿದ್ದೇನೆ.

ಹಿಂದೆ ಆರ್ಟಿಕಲ್‌ಶಿಪ್ ಮೂರು ವರ್ಷ ಇತ್ತು. ಪದವೀಧರರು ಇಂಟರ್ ಪಾಸಾಗದೆಯೂ ಸೇರಬಹುದಿತ್ತು. ನಿಮ್ಮ ಕಾಲೇಜಿನ ಸೀನಿಯರ್ ಯಾರಾದರೂ 'ಸುಮ್ನೆ ಹೋಗಿ ಸೇರಿಬಿಡು, ಪರೀಕ್ಷೆ ಆಮೇಲೆ ಬರಿ' ಅಂದರೆ ಅದು ಹಳೆಯ ಮಾತು. ಈಗ ಹಾಗಿಲ್ಲ.

ಇನ್ನು ಭಾಷೆ. ಸಿಎ ಪರೀಕ್ಷೆಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ ಬರೆಯಬಹುದು, ಕನ್ನಡದಲ್ಲಿ ಇಲ್ಲ. ಕನ್ನಡ ಮಾಧ್ಯಮದವರು ಅಕೌಂಟ್ಸ್, ಕಾಸ್ಟಿಂಗ್‌ನಲ್ಲಿ ಎಡವುವುದು ಕಡಿಮೆ, ಅಲ್ಲೆಲ್ಲ ಅಂಕಿಯದೇ ಕೆಲಸ. ಎಡವುವುದು ಲಾ ಮತ್ತು ಆಡಿಟಿಂಗ್‌ನಲ್ಲಿ. ವಿಷಯ ಗೊತ್ತಿರುತ್ತದೆ, ಬರೆಯಲು ವಾಕ್ಯ ಹೊಳೆಯುವುದಿಲ್ಲ. ಹೊಸ ಪದ್ಧತಿಯಲ್ಲಿ ಶೇ. 30ರಷ್ಟು ಅಂಕ ಬಹುಆಯ್ಕೆ ಪ್ರಶ್ನೆಗಳಿಗೆ ಇರುವುದರಿಂದ ಸ್ವಲ್ಪ ಅನುಕೂಲವಾಗಿದೆ. ಉಳಿದ ಶೇ. 70ಕ್ಕೆ ಒಂದೇ ಉಪಾಯ, ದಿನಾ ಒಂದು ಉತ್ತರ ಕೈಯಲ್ಲಿ ಬರೆಯುವುದು. ಐಸಿಎಐ ಹಳೆಯ ಪ್ರಶ್ನೆಪತ್ರಿಕೆಗಳಿಗೆ ತಾನೇ ಮಾದರಿ ಉತ್ತರ ಹಾಕುತ್ತದೆ, ಪುಕ್ಕಟೆ. ನೀವು ಬರೆದದ್ದನ್ನು ಅದರ ಪಕ್ಕ ಇಟ್ಟು ನೋಡಿ. ಓದುವ ಪುಸ್ತಕವೂ ಅವರ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ, ಆನ್‌ಲೈನ್ ತರಗತಿಯೂ ಪುಕ್ಕಟೆ. ಮೊಬೈಲ್ ಸಿಗ್ನಲ್ ಇದ್ದರೆ ಬ್ಯಾಡಗಿಯಲ್ಲಿ ಕೂತೂ ಇಂಟರ್ ಓದಬಹುದು. ಪರೀಕ್ಷಾ ಕೇಂದ್ರ ಹುಬ್ಬಳ್ಳಿಯಲ್ಲೇ ಇದೆ. ಕೋಚಿಂಗ್ ಇಲ್ಲದೆ ಆಗುವುದೇ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಮನೆಯಲ್ಲಿ ಕೂತು ಓದುವ ಶಿಸ್ತು ಇಲ್ಲದವರಿಗೆ ಕೋಚಿಂಗ್ ಬೇಕು, ಅದನ್ನೂ ಒಪ್ಪುತ್ತೇನೆ.

ಅಪ್ಪನ ಬ್ಯಾಂಕ್ ಪರೀಕ್ಷೆ ಮಾತು ತೆಗೆದುಹಾಕುವಂಥದ್ದಲ್ಲ. ಒಳ್ಳೆಯ ನೌಕರಿ ಅದು. ಆದರೆ ಎರಡನ್ನೂ ಒಟ್ಟಿಗೆ ಓದಬೇಡಿ, ಎರಡೂ ಹೋಗುತ್ತವೆ. ಇಂಟರ್ ಈಗ ವರ್ಷಕ್ಕೆ ಮೂರು ಸಲ ನಡೆಯುತ್ತದೆ. ಮೂರು ಸಲ ಬರೆಯುತ್ತೇನೆ, ಆಗದಿದ್ದರೆ ಬ್ಯಾಂಕ್ ಪುಸ್ತಕ ಹಿಡಿಯುತ್ತೇನೆ ಅಂತ ಮನೆಯಲ್ಲಿ ಮಾತು ಕೊಡಿ. ಗಡುವು ಹಾಕಿಕೊಂಡವರಿಗೆ ಮನೆಯವರೂ ಬೆನ್ನಿಗೆ ನಿಲ್ಲುತ್ತಾರೆ.

ಈಗ ಬರುವ ಪ್ರಶ್ನೆ, ಈ ಎಂಟು ತಿಂಗಳು ಸುಮ್ನೆ ಮನೆಯಲ್ಲಿ ಕೂರಬೇಕೇ? ಬೇಡ. ಹಾಗಂತ ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಆಫೀಸಿನಲ್ಲಿ ದುಡಿದು ಇಂಟರ್ ಪಾಸಾಗುತ್ತೇನೆ ಅನ್ನುವುದೂ ನಡೆಯುವ ಮಾತಲ್ಲ. ನನ್ನ ಸಲಹೆ ಸೀಸನ್ ಕೆಲಸ. ಜುಲೈನಿಂದ ಅಕ್ಟೋಬರ್ ತನಕ ಯಾವ ಸಿಎ ಆಫೀಸಿಗೂ ಕೈ ಸಾಲುವುದಿಲ್ಲ. ಸಂಬಳದಾರರ ರಿಟರ್ನ್‌ಗೆ ಜುಲೈ 31, ಟ್ಯಾಕ್ಸ್ ಆಡಿಟ್ ವರದಿಗೆ ಸೆಪ್ಟೆಂಬರ್ 30, ಆಡಿಟ್ ಆದವರ ರಿಟರ್ನ್‌ಗೆ ಅಕ್ಟೋಬರ್ 31. ಸರ್ಕಾರ ಕೆಲವು ವರ್ಷ ದಿನಾಂಕ ಮುಂದೂಡುತ್ತದೆ, ಆಗ ಗದ್ದಲವೂ ಮುಂದೆ ಹೋಗುತ್ತದೆ, ಅಷ್ಟೇ. ಈ ತಿಂಗಳುಗಳಲ್ಲಿ 'ನವೆಂಬರ್ ತನಕ ಬರುತ್ತೇನೆ, ಆಮೇಲೆ ಇಂಟರ್ ಓದುತ್ತೇನೆ, ಪಾಸಾದರೆ ಆರ್ಟಿಕಲ್‌ಗೆ ನಿಮ್ಮಲ್ಲೇ ಬರಲು ಇಷ್ಟ' ಅಂತ ಹೇಳಿ ನೋಡಿ. ಇದು ಸ್ಪಷ್ಟ ಮಾತು. ಅವರಿಗೆ ಈಗ ಕೈ ಸಿಕ್ಕಿತು, ಮುಂದಿನ ವರ್ಷ ಕೆಲಸ ಗೊತ್ತಿರುವ ಆರ್ಟಿಕಲ್ ಸಿಕ್ಕಂತಾಯಿತು. ನಿಮಗೆ ಈ ಕೆಲಸ ಹಿಡಿಸುತ್ತದೆಯೋ ಇಲ್ಲವೋ ಎಂದು ನಾಲ್ಕು ವರ್ಷ ಹಾಕುವ ಮೊದಲೇ ತಿಳಿಯುತ್ತದೆ.

ಪರಿಚಯದವರು ಯಾರೂ ಇಲ್ಲ ಅಂದಿರಿ. ಅದನ್ನು ನಾನು ನಂಬುವುದಿಲ್ಲ. ನಿಮ್ಮಪ್ಪ ಬ್ಯಾಡಗಿ ಮಾರುಕಟ್ಟೆಯಲ್ಲಿ ಯಾವುದೋ ಒಂದು ದಲಾಲಿ ಅಂಗಡಿಗೆ ಮೆಣಸಿನಕಾಯಿ ಹಾಕುತ್ತಾರೆ ಅಲ್ವಾ? ಆ ಅಂಗಡಿಯ ಲೆಕ್ಕಕ್ಕೆ ಒಬ್ಬ ಆಡಿಟರ್ ಇದ್ದಾರೆ. ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜ್‌ಗೆ ಇದ್ದಾರೆ. ಬೆಳೆಸಾಲ ಕೊಡುವ ಊರಿನ ಸೊಸೈಟಿಯ ಆಡಿಟ್ ಪ್ರತಿ ವರ್ಷ ಆಗಬೇಕು. ನೀವು ಓದಿದ ಕಾಲೇಜು ನಡೆಸುವ ಸಂಸ್ಥೆಗೂ ಆಡಿಟರ್ ಇದ್ದಾರೆ. ದಲಾಲಿ ಅಂಗಡಿಯ ಸಾಹುಕಾರರು 'ಸರ್, ನಮ್ಮ ಗಿರಾಕಿ ಮಗಳು, ಒಮ್ಮೆ ನೋಡಿ' ಅಂತ ಒಂದು ಫೋನ್ ಮಾಡಿದರೆ, ಆ ಫೋನಿಗೆ ನಿಮ್ಮ ರೆಸ್ಯೂಮ್‌ನ ನಾಲ್ಕು ಪುಟಕ್ಕಿಂತ ಜಾಸ್ತಿ ತೂಕ. ಆಡಿಟರ್ ಆಫೀಸಿನಲ್ಲಿ ಪಾರ್ಟಿಗಳ ಗುಟ್ಟೆಲ್ಲ ಇರುತ್ತದೆ. ಒಳಗೆ ಬಿಟ್ಟುಕೊಳ್ಳುವವರನ್ನು ಗೊತ್ತಿರುವವರ ಮೂಲಕ ಬಿಟ್ಟುಕೊಳ್ಳುವುದೇ ಇಲ್ಲಿ ರೂಢಿ. ಒಮ್ಮೆ ಒಳಗೆ ಹೋದ ಮೇಲೆ ಯಾರು ಹೇಳಿ ಕಳಿಸಿದರು ಎಂಬುದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಯಾವ ದಿನ ಹೋಗಬೇಕು ಎಂಬುದೂ ಮುಖ್ಯ. ತಿಂಗಳ 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿ ರಿಟರ್ನ್ ಹಾಕಬೇಕು. 18, 19ನೇ ತಾರೀಕು ನೀವು ರೆಸ್ಯೂಮ್ ಹಿಡಿದು ನಿಂತರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. 22 ಕಳೆದ ಮೇಲೆ ಹೋಗಿ, ಮಧ್ಯಾಹ್ನ ಊಟದ ಮೇಲೆ. ಆಫೀಸಿನ ಸೀನಿಯರ್ ಅಸಿಸ್ಟೆಂಟ್‌ಗೆ ಒಂದು ನಮಸ್ಕಾರ ಹೇಳಿ. ಸಾಹೇಬರು 'ಹೇಗನಿಸಿತು' ಅಂತ ಕೇಳುವುದು ಅವರನ್ನೇ.

ಹೋದಾಗ ಸಣ್ಣದೊಂದು ಪರೀಕ್ಷೆ ಕೊಟ್ಟೇ ಕೊಡುತ್ತಾರೆ. ನಾನು ಹೊಸಬರಿಗೆ ಕೊಡುವುದು ಬ್ಯಾಂಕ್ ತಾಳೆ. ಒಂದು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಅದೇ ತಿಂಗಳ ಬ್ಯಾಂಕ್ ಬುಕ್ ಎದುರಿಗಿಟ್ಟು, ಎರಡರ ಬಾಕಿ ಯಾಕೆ ಸೇರುತ್ತಿಲ್ಲ ಹೇಳಿ ಅನ್ನುತ್ತೇನೆ. ಕ್ಯಾಶ್ ಆಗದ ಚೆಕ್ಕು, ಬ್ಯಾಂಕ್ ಚಾರ್ಜು ಇವನ್ನು ಎಲ್ಲರೂ ಹಿಡಿಯುತ್ತಾರೆ. ಅವೆಲ್ಲ ತೆಗೆದ ಮೇಲೂ 900 ರೂಪಾಯಿ ಉಳಿಯುವಂತೆ ಇಟ್ಟಿರುತ್ತೇನೆ. ಅರ್ಧ ಜನ ಅಲ್ಲಿ ಮೊದಲಿನಿಂದ ಮತ್ತೆ ಟಿಕ್ ಹಾಕಲು ಶುರು ಮಾಡುತ್ತಾರೆ. ಸ್ವಲ್ಪ ಕೈ ಪಳಗಿದವರು 900ನ್ನು 9ರಿಂದ ಭಾಗಿಸಿ ನೋಡುತ್ತಾರೆ. ಶೇಷ ಉಳಿಯದಿದ್ದರೆ ಯಾವುದೋ ಅಂಕಿ ಹಿಂದುಮುಂದಾಗಿರಬಹುದು. ಭಾಗಿಸಿದರೆ 100 ಬಂತು. ಅಂದರೆ ಸಾವಿರದ ಮನೆಯ ಅಂಕಿ ಮತ್ತು ನೂರರ ಮನೆಯ ಅಂಕಿ ಅದಲುಬದಲಾಗಿವೆ, ಅವೆರಡರ ನಡುವೆ ಒಂದರ ವ್ಯತ್ಯಾಸ ಇದೆ. ಈಗ ಹುಡುಕುವ ಜಾಗ ಸಣ್ಣದಾಯಿತು. ಕಣ್ಣು ಹಾಯಿಸಿದರೆ ಸ್ಟೇಟ್‌ಮೆಂಟ್‌ನಲ್ಲಿ 5,680, ಬುಕ್ಕಿನಲ್ಲಿ 6,580. ಸಿಕ್ಕಿತು! ಇದೂ ಸಿಗದಿದ್ದರೆ 900ರ ಅರ್ಧ ಮಾಡಿ 450 ಅಂತ ಎಲ್ಲಾದರೂ ಇದೆಯಾ ನೋಡಬೇಕು. ಜಮಾ ಕಡೆ ಬರೆಯುವುದನ್ನು ಖರ್ಚಿನ ಕಡೆ ಬರೆದರೆ ವ್ಯತ್ಯಾಸ ಇಮ್ಮಡಿ ಆಗುತ್ತದೆ.

ನಿಜ ಹೇಳಬೇಕೆಂದರೆ ಉತ್ತರ ಬಂತೋ ಇಲ್ಲವೋ ಎಂಬುದನ್ನು ನಾನು ಅಷ್ಟಾಗಿ ನೋಡುವುದಿಲ್ಲ. ಟಿಕ್ ಯಾವುದರಲ್ಲಿ ಹಾಕಿದರು, ಹಾಕುವ ಮುಂಚೆ ಕೇಳಿದರೋ ಇಲ್ಲವೋ, ಅದನ್ನು ನೋಡುತ್ತೇನೆ. ಪಾರ್ಟಿಯ ಪುಸ್ತಕದ ಮೇಲೆ ಅವರದೇ ನೀಲಿ ಬಣ್ಣದಲ್ಲಿ ಗೀಚುವವರಿಗೆ ಮುಂದೆ ತುಂಬಾ ಹೇಳಿಕೊಡಬೇಕಾಗುತ್ತದೆ. ಆಡಿಟ್ ಮಾಡುವವರ ಗುರುತು ಯಾವುದು, ಲೆಕ್ಕ ಬರೆದವರ ಗುರುತು ಯಾವುದು ಅಂತ ಆಮೇಲೆ ಬೇರೆ ಮಾಡಲು ಬರಬೇಕಲ್ಲ.

ಆಫೀಸು ಆರಿಸುವಾಗ ಬೋರ್ಡು ಎಷ್ಟು ದೊಡ್ಡದು ಎಂದು ನೋಡಬೇಡಿ. ಅಲ್ಲಿ ಯಾವ ಯಾವ ಕೆಲಸ ಬರುತ್ತದೆ ಅಂತ ಈಗಿರುವ ಆರ್ಟಿಕಲ್‌ಗಳನ್ನು ಕೇಳಿ. ಬರೀ ಜಿಎಸ್‌ಟಿ ರಿಟರ್ನ್ ಮತ್ತು ಸಂಬಳದಾರರ ಐಟಿ ರಿಟರ್ನ್ ಹಾಕುವ ಆಫೀಸಾದರೆ ಎರಡು ವರ್ಷ ಪೋರ್ಟಲ್ ಮುಂದೆ ಕೂತು ಬರುತ್ತೀರಿ. ಟ್ಯಾಕ್ಸ್ ಆಡಿಟ್, ಬ್ಯಾಂಕ್ ಆಡಿಟ್, ಸೊಸೈಟಿ ಆಡಿಟ್, ಒಂದೆರಡು ಕಂಪನಿ ಆಡಿಟ್ ಇರುವ ಕಡೆ ಜಾಗ ಹುಡುಕಿ. ಸಹಿ ಮಾಡುವವರು ಐಸಿಎಐ ಸದಸ್ಯರೋ ಅಂತ ಸಂಸ್ಥೆಯ ಜಾಲತಾಣದಲ್ಲಿ ಹೆಸರು ಹಾಕಿ ನೋಡಬಹುದು. ಟ್ಯಾಕ್ಸ್ ಕನ್ಸಲ್ಟೆಂಟ್ ಆಫೀಸಿನಲ್ಲೂ ಕೆಲಸ ಕಲಿಯಬಹುದು, ಆದರೆ ಅಲ್ಲಿ ಮಾಡಿದ್ದು ಆರ್ಟಿಕಲ್‌ಶಿಪ್ ಅಂತ ಲೆಕ್ಕಕ್ಕೆ ಬರುವುದಿಲ್ಲ.

ಇಲ್ಲಿನ ಆಫೀಸಿನಲ್ಲಿ ನಿಮಗೆ ಏನು ಸಿಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಬೆಂಗಳೂರಿನ ಮಾತಿಗೆ ಉತ್ತರ ಇದರಲ್ಲೇ ಇದೆ.

ಜಿಎಸ್‌ಟಿಯಿಂದಲೇ ಶುರು ಮಾಡೋಣ, ನಿಮ್ಮ ಕೈಗೆ ಮೊದಲು ಬರುವುದು ಅದೇ. ಪ್ರತಿ ತಿಂಗಳ 14ಕ್ಕೆ ಜಿಎಸ್‌ಟಿಆರ್-2ಬಿ ಬರುತ್ತದೆ, ಮಾಲು ಕೊಟ್ಟವರು ತೋರಿಸಿದ ಬಿಲ್ಲುಗಳ ಪಟ್ಟಿ ಅದು. ಪಾರ್ಟಿಯ ಖರೀದಿ ಪುಸ್ತಕವನ್ನು ಅದರ ಜೊತೆ ತಾಳೆ ನೋಡಬೇಕು. ಹುಬ್ಬಳ್ಳಿಯ ಒಂದು ಹಾರ್ಡ್‌ವೇರ್ ಅಂಗಡಿ ಅಂದುಕೊಳ್ಳಿ. ಪುಸ್ತಕದಲ್ಲಿ ಬಿಲ್ಲು ಇದೆ, 2ಬಿಯಲ್ಲಿ ಇಲ್ಲ. ಮಾಲು ಕೊಟ್ಟವರು ರಿಟರ್ನ್ ಹಾಕಿಲ್ಲವೋ, ಜಿಎಸ್‌ಟಿ ನಂಬರ್ ತಪ್ಪು ಬರೆದರೋ, ಮುಂದಿನ ತಿಂಗಳಿಗೆ ತಳ್ಳಿದರೋ? ಆ ಬಿಲ್ಲು 2ಬಿಯಲ್ಲಿ ಬರುವ ತನಕ ಆ ತೆರಿಗೆಯ ಕ್ರೆಡಿಟ್ ತೆಗೆದುಕೊಳ್ಳುವಂತಿಲ್ಲ, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾನು ಕಟ್ಟುವ ತೆರಿಗೆಯಲ್ಲಿ ಕಳೆಯುವಂತಿಲ್ಲ. ಅಂಗಡಿಯವರು 'ನಾನು ದುಡ್ಡು ಕೊಟ್ಟಿದ್ದೀನ್ರೀ, ಮತ್ತೇನು' ಅಂತ ಜಗಳಕ್ಕೆ ಬರುತ್ತಾರೆ. ಅವರಿಗೆ ತಿಳಿಯುವ ಹಾಗೆ ಹೇಳುವುದು ಯಾವ ಪುಸ್ತಕದಲ್ಲೂ ಇಲ್ಲದ ಪಾಠ.

ಗದಗ ಕಡೆಯ ಜಿನ್ನಿಂಗ್ ಮಿಲ್ ಲೆಕ್ಕ ಬಂದರೆ ಇನ್ನೊಂದು ಮುಖ ನೋಡುತ್ತೀರಿ. ಹತ್ತಿ ಮಾರುವ ರೈತರು ಜಿಎಸ್‌ಟಿ ಬಿಲ್ಲು ಕೊಡುವುದಿಲ್ಲ. ಮಿಲ್ಲು ರೈತರಿಂದ ಹಸಿ ಹತ್ತಿ ಖರೀದಿಸಿದರೆ ಆ ತೆರಿಗೆಯನ್ನು ಕೊಂಡವರೇ ಕಟ್ಟಬೇಕು. ಇದಕ್ಕೆ ರಿವರ್ಸ್ ಚಾರ್ಜ್ ಅನ್ನುತ್ತಾರೆ. ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಓದಿ ಮರೆಯುವ ವಿಷಯ. ಮಿಲ್ಲಿನ ತೂಕದ ಚೀಟಿ, ರೈತರಿಗೆ ಹಣ ಹಾಕಿದ ಬ್ಯಾಂಕ್ ಎಂಟ್ರಿ, ಮಿಲ್ಲು ತಾನೇ ಬರೆದುಕೊಂಡ ಬಿಲ್ಲು, ಈ ಮೂರನ್ನೂ ಒಮ್ಮೆ ಕೈಯಾರೆ ಜೋಡಿಸಿದರೆ ಪರೀಕ್ಷೆಯಲ್ಲಿ ಮರೆಯುವುದೇ ಇಲ್ಲ.

ಆಮೇಲೆ ಏಪ್ರಿಲ್. ಬ್ಯಾಂಕ್ ಶಾಖೆಗಳ ಸ್ಟಾಚ್ಯುಟರಿ ಆಡಿಟ್, ಅಂದರೆ ಕಾನೂನಿನ ಪ್ರಕಾರ ಆಗಲೇಬೇಕಾದ ಆಡಿಟ್. ರೋಣ, ಹಾನಗಲ್, ಮುಂಡರಗಿ, ಶಿಗ್ಗಾವಿ ಅಂತ ಬಸ್ಸು ಹತ್ತಿ ಹೋಗುವುದು. ಕೆಲವೇ ದಿನದಲ್ಲಿ ಇಡೀ ಶಾಖೆ ನೋಡಿ ಮುಗಿಸಬೇಕು. ಸಾಲ 90 ದಿನ ಮೀರಿ ಬಾಕಿ ಉಳಿದರೆ ಎನ್‌ಪಿಎ (ಕೆಟ್ಟ ಸಾಲ) ಅಂತ ನೀವು ಓದಿರುತ್ತೀರಿ. ಬೆಳೆಸಾಲಕ್ಕೆ ಆ ಲೆಕ್ಕ ಬೇರೆ. ಅಲ್ಪಾವಧಿ ಬೆಳೆಗೆ ಎರಡು ಹಂಗಾಮು, ದೀರ್ಘಾವಧಿ ಬೆಳೆಗೆ ಒಂದು ಹಂಗಾಮು ದಾಟಬೇಕು. ಫೈಲಿನಲ್ಲಿ ಮೆಕ್ಕೆಜೋಳ ಅಂತ ಸಾಲ, ಪಹಣಿಯಲ್ಲಿ ಬೇರೆ ಬೆಳೆ. ಅಂಗಡಿ ಸಾಲಕ್ಕೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟ್ ಹಳೆಯದು, ವಿಮೆ ಮುಗಿದು ತಿಂಗಳಾಗಿದೆ. ಇವೆಲ್ಲ ನಿಮ್ಮ ಕಣ್ಣಿಗೆ ಬೇಗ ಬೀಳುತ್ತವೆ. ಪಹಣಿ ಓದಲು ಬರುವ, ಹಿಂಗಾರಿಯಲ್ಲಿ ಏನು ಬಿತ್ತುತ್ತಾರೆ ಎಂದು ಗೊತ್ತಿರುವ ಆರ್ಟಿಕಲ್ ಸಿಗುವುದು ಸುಲಭವಲ್ಲ.

ಸೊಸೈಟಿ ಆಡಿಟ್‌ನಲ್ಲಂತೂ ನಿಮ್ಮ ಕನ್ನಡ ಮಾಧ್ಯಮವೇ ಬಂಡವಾಳ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಅಂತ ಹೆಸರಾದದ್ದು ಗದಗ ಬಳಿಯ ಕಣಗಿನಹಾಳದ್ದು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಶುರು ಮಾಡಿದ್ದು. ಅಲ್ಲಿಂದ ಇಲ್ಲಿಯವರೆಗೆ ಈ ಭಾಗದಲ್ಲಿ ಸೊಸೈಟಿ ಇಲ್ಲದ ಊರು ಹುಡುಕಬೇಕು. ಇವುಗಳ ಆಡಿಟ್ಟನ್ನು ಸಹಕಾರ ಲೆಕ್ಕಪರಿಶೋಧನಾ ಇಲಾಖೆಯವರೂ ಮಾಡುತ್ತಾರೆ, ಸಿಎಗಳೂ ಮಾಡುತ್ತಾರೆ. ಕಿರ್ದಿ (ದಿನದ ಲೆಕ್ಕ), ಖತಾವಣಿ (ಲೆಡ್ಜರ್), ನಡಾವಳಿ ಪುಸ್ತಕ (ಸಭೆಯ ದಾಖಲೆ), ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್), ಎಲ್ಲ ಕನ್ನಡದಲ್ಲಿ. ಇಂಗ್ಲಿಷ್ ಶಾಲೆಯಲ್ಲಿ ಓದಿದ ನನ್ನ ಆರ್ಟಿಕಲ್‌ಗಳು ಹಳೆಯ ಕೈಬರಹದ ನಡಾವಳಿ ಮುಂದೆ ಬಾಯಿ ಬಿಡುತ್ತಾರೆ. ಸಾಲ ಮಂಜೂರಾದ ತಾರೀಕಿಗೂ ಆಡಳಿತ ಮಂಡಳಿ ಸಭೆಯ ತಾರೀಕಿಗೂ ಹೊಂದುತ್ತಿಲ್ಲ ಎಂದು ಹಿಡಿಯಬೇಕಾದರೆ ಮೊದಲು ಆ ಪುಟ ಓದಲು ಬರಬೇಕು. ಇದನ್ನು ರೆಸ್ಯೂಮ್‌ನಲ್ಲಿ ಹಾಕಿ. 'ಕನ್ನಡ ಲೆಕ್ಕಪುಸ್ತಕ, ಪಹಣಿ ಓದಲು ಬರುತ್ತದೆ' ಅಂತ ಒಂದು ಸಾಲು. ಹವ್ಯಾಸ, ಗುರಿ, ಧ್ಯೇಯ ಅಂತ ಬರೆದದ್ದನ್ನೆಲ್ಲ ತೆಗೆದುಬಿಡಿ, ಯಾರೂ ಓದುವುದಿಲ್ಲ.

ಇನ್ನೊಂದು ಅನುಕೂಲ ನಿಮಗೆ ತಾನಾಗೇ ಬಂದಿದೆ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದು, 2026ರ ಏಪ್ರಿಲ್ 1ರಿಂದ ಜಾರಿ. ಸೆಕ್ಷನ್ ನಂಬರುಗಳು ಬದಲಾಗಿವೆ. ಅಸೆಸ್‌ಮೆಂಟ್ ಇಯರ್ ಹೋಗಿ ಟ್ಯಾಕ್ಸ್ ಇಯರ್ ಬಂದಿದೆ. ಮೂವತ್ತು ವರ್ಷ 44ಎಬಿ, 80ಸಿ ಅಂತ ಬಾಯಿಪಾಠ ಮಾಡಿದ ನಮ್ಮಂಥವರೇ ಈಗ ಪುಟ ತಿರುವಿ ನೋಡಬೇಕು. ಹಳೆಯ ವರ್ಷಗಳ ಕೇಸಿಗೆ ಹಳೆಯ ಕಾಯ್ದೆಯೂ ಬೇಕು, ಅದು ಬೇರೆ ಮಾತು. ಆದರೆ ಹೊಸ ನಂಬರನ್ನು ಮೊದಲೇ ತಿಳಿದು ಬರುವ ಹುಡುಗಿ ಆಫೀಸಿನಲ್ಲಿ ಬೇಗ ಬೇಕಾದವಳಾಗುತ್ತಾಳೆ.

ಬೆಂಗಳೂರಿಗೆ ಬರೋಣ. ಅಲ್ಲಿ ಡೆಲಾಯ್ಟ್, ಇವೈ, ಕೆಪಿಎಂಜಿ, ಪಿಡಬ್ಲ್ಯೂಸಿ ನಾಲ್ಕೂ ಇವೆ. ಅಮೆರಿಕದ ಕಂಪನಿಗಳ ಆಡಿಟ್‌ಗೆ ಸಹಾಯ ಮಾಡುವ ಅವರ ಕೇಂದ್ರಗಳಲ್ಲಿ ಬಿ.ಕಾಂ ಆದವರನ್ನೂ ತೆಗೆದುಕೊಳ್ಳುತ್ತಾರೆ. ಸಂಬಳ ಇಲ್ಲಿಗಿಂತ ಚೆನ್ನಾಗಿರುತ್ತದೆ. ಅದು ನೌಕರಿ, ಅದನ್ನು ನೌಕರಿ ಅಂತಲೇ ನೋಡಿ. ಮನೆಗೆ ದುಡ್ಡು ತುರ್ತಾಗಿ ಬೇಕಿದ್ದರೆ, ಇಂಗ್ಲಿಷ್ ಸಲೀಸಾಗಿದ್ದರೆ ಹೋಗಬಹುದು. ಆದರೆ ಆರ್ಟಿಕಲ್‌ಶಿಪ್‌ಗೆ ಅಂತ ಬೆಂಗಳೂರಿಗೆ ಹೋಗುವುದಾದರೆ ಯೋಚನೆ ಮಾಡಿ. ದೊಡ್ಡ ಫರ್ಮ್‌ನಲ್ಲಿ ದೊಡ್ಡ ಕಂಪನಿಯ ಲೆಕ್ಕ ನೋಡುತ್ತೀರಿ, ಅದು ನಿಜವಾದ ಲಾಭ. ಆದರೆ ತಿಂಗಳುಗಟ್ಟಲೆ ಸ್ಥಿರಾಸ್ತಿ ಪಟ್ಟಿಯೊಂದನ್ನೇ ನೋಡುತ್ತ ಕೂರುವುದೂ ಇದೆ. ಇಲ್ಲಿ ವೋಚರಿನಿಂದ ಹಿಡಿದು ಬ್ಯಾಲೆನ್ಸ್ ಶೀಟ್, ರಿಟರ್ನ್, ನೋಟಿಸ್ ಬಂದರೆ ನವನಗರದ ಐಟಿ ಆಫೀಸಿಗೆ ಉತ್ತರ ಬರೆಯುವ ತನಕ ಒಂದೇ ಪಾರ್ಟಿಯ ಪೂರ್ತಿ ಸುತ್ತು ನೋಡುತ್ತೀರಿ. ಮುಂದೆ ಸ್ವಂತ ಪ್ರಾಕ್ಟೀಸ್ ಮಾಡುವ ಆಸೆ ಇದ್ದರೆ ಹುಬ್ಬಳ್ಳಿಯೇ ಸರಿ ಎಂಬುದು ನನ್ನ ಅಭಿಪ್ರಾಯ. ಕಂಪನಿ ನೌಕರಿಯ ಆಸೆ ಇದ್ದರೆ ಬೆಂಗಳೂರು.

ಸ್ಟೈಪೆಂಡ್, ಅಂದರೆ ಆರ್ಟಿಕಲ್‌ಗೆ ಆಫೀಸು ಕೊಡುವ ತಿಂಗಳ ಹಣ, ಅದರ ವಿಷಯದಲ್ಲಿ ಭ್ರಮೆ ಬೇಡ. ಕನಿಷ್ಠ ಎಷ್ಟು ಕೊಡಬೇಕು ಎಂಬುದನ್ನು ಐಸಿಎಐ ಊರಿನ ಜನಸಂಖ್ಯೆ ನೋಡಿ ನಿಗದಿ ಮಾಡಿದೆ. 20 ಲಕ್ಷಕ್ಕಿಂತ ಮೇಲೆ ಒಂದು, 4ರಿಂದ 20 ಲಕ್ಷಕ್ಕೆ ಒಂದು, ಅದಕ್ಕಿಂತ ಕಡಿಮೆಗೆ ಒಂದು. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡ ಒಂಬತ್ತು ಲಕ್ಷ ದಾಟಿತ್ತು, ಹಾಗಾಗಿ ನಡುವಿನ ದರ. ಗದಗ, ಹಾವೇರಿಗೆ ಕೊನೆಯದು. ಯಾವ ದರವಾದರೂ ಅದರಲ್ಲಿ ಪಿಜಿ ಬಾಡಿಗೆ ಕೊಟ್ಟು ಊಟ ಮಾಡಿ ತಿಂಗಳು ದೂಡುವುದು ಕಷ್ಟ. ಮನೆಯಿಂದ ಸ್ವಲ್ಪ ಆಸರೆ ಬೇಕಾಗುತ್ತದೆ.

ಎರಡು ಕಡೆ ಎಚ್ಚರ. ಆರ್ಟಿಕಲ್ ಅಂತ ತೆಗೆದುಕೊಳ್ಳಲು ಯಾರಾದರೂ ದುಡ್ಡು ಕೇಳಿದರೆ ಎದ್ದು ಬನ್ನಿ. ಹಾಗೆ ತೆಗೆದುಕೊಳ್ಳುವುದು ಐಸಿಎಐ ನಿಯಮಕ್ಕೆ ವಿರುದ್ಧ. 'ಹೆಸರಿಗೆ ಇಲ್ಲಿ ಸೇರು, ಬರುವುದು ಬೇಡ, ಮನೆಯಲ್ಲಿ ಓದಿಕೋ' ಎಂಬ ಡಮ್ಮಿ ಆರ್ಟಿಕಲ್‌ಶಿಪ್ ಕೂಡ ಅಷ್ಟೇ ತಪ್ಪು. ಸಿಕ್ಕಿಬಿದ್ದರೆ ತರಬೇತಿ ಅವಧಿಯೇ ರದ್ದಾಗಬಹುದು. ಸಿಕ್ಕಿಬೀಳದಿದ್ದರೂ ಮೊದಲ ನೌಕರಿಯ ಸಂದರ್ಶನದಲ್ಲಿ 'ನೀವು ಮಾಡಿದ ಒಂದು ಆಡಿಟ್ ಬಗ್ಗೆ ಹೇಳಿ' ಅಂದಾಗ ಬಾಯಿ ಕಟ್ಟುತ್ತದೆ. ಕರಾರು ಪತ್ರಕ್ಕೆ ಸಹಿ ಹಾಕುವ ಮುಂಚೆ ಚೆನ್ನಾಗಿ ವಿಚಾರಿಸಿ. ನಡುವೆ ಆಫೀಸು ಬದಲಿಸುವುದು ಸುಲಭವಲ್ಲ.

ಮನೆಯವರ ಚಿಂತೆಗೆ ಒಂದಿಷ್ಟು ಉತ್ತರ. ನಿಯಮದ ಪ್ರಕಾರ ಆರ್ಟಿಕಲ್‌ಗೆ ವಾರಕ್ಕೆ 35 ಗಂಟೆ ಕೆಲಸ. ಸೆಪ್ಟೆಂಬರ್ ಕೊನೆಯ ವಾರ ಯಾರೂ ಗಡಿಯಾರ ನೋಡುವುದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಈಗ ಇಲ್ಲಿನ ಆಫೀಸುಗಳಲ್ಲಿ ಹೆಣ್ಣುಮಕ್ಕಳು ಸಾಕಷ್ಟು ಇದ್ದಾರೆ. ಹೊರಗೂರಿನ ಆಡಿಟ್‌ಗೆ ಇಬ್ಬರು ಮೂವರು ಜೊತೆಯಾಗಿ ಹೋಗುತ್ತಾರೆ. ಸೇರುವ ಮುಂಚೆ ನೇರವಾಗಿ ಕೇಳಿ: ರಾತ್ರಿ ಎಷ್ಟರ ತನಕ ಕೂರಬೇಕು, ತಡವಾದರೆ ಪಿಜಿ ತನಕ ಯಾರು ಬಿಡುತ್ತಾರೆ, ಹೊರಗೂರಿನಲ್ಲಿ ಉಳಿಯುವುದಾದರೆ ಎಲ್ಲಿ. ಈ ಪ್ರಶ್ನೆಗೆ ಮುಖ ಸಿಂಡರಿಸುವ ಆಫೀಸು ನಿಮಗೆ ಬೇಡ. ಒಮ್ಮೆ ಅಪ್ಪನನ್ನೂ ಕರೆದುಕೊಂಡು ಹೋಗಿ, ಆಫೀಸು ನೋಡಲಿ. ಯಾರೂ ತಪ್ಪು ತಿಳಿಯುವುದಿಲ್ಲ. ಬ್ಯಾಡಗಿಯಿಂದ, ಹಾವೇರಿಯಿಂದ ರೈಲಿನಲ್ಲಿ ಓಡಾಡಬಹುದು ಎಂದು ಯಾರಾದರೂ ಹೇಳಿಯಾರು. ಸೀಸನ್ ಕೆಲಸದ ನಾಲ್ಕು ತಿಂಗಳು ನಡೆದೀತು. ಆರ್ಟಿಕಲ್‌ಶಿಪ್ ಮಾಡಿಕೊಂಡು ಫೈನಲ್‌ಗೆ ಓದುವಾಗ ದಿನದ ಮೂರು ಗಂಟೆ ದಾರಿಯಲ್ಲೇ ಹೋದರೆ ಓದುವುದು ಯಾವಾಗ? ಆಗ ಪಿಜಿಯೇ ವಾಸಿ.

ಸಿಎ ಆಗುವುದೇ ಇಲ್ಲ ಅಂತ ಮುಂದೆಂದಾದರೂ ಅನಿಸಿದರೆ ಕಲಿತದ್ದು ವ್ಯರ್ಥ ಅಲ್ಲ. ಬಿ.ಕಾಂ ಪದವಿಯ ಮೇಲೆ ಜಿಎಸ್‌ಟಿ ಪ್ರಾಕ್ಟೀಷನರ್ ಅಂತ ನೋಂದಾಯಿಸಿಕೊಳ್ಳಬಹುದು, ಅದಕ್ಕೊಂದು ಪರೀಕ್ಷೆಯೂ ಇದೆ. ಹಾವೇರಿ, ರಾಣೆಬೆನ್ನೂರು ಕಡೆ ಈ ಕೆಲಸಕ್ಕೆ ಬೇಡಿಕೆ ಇದೆ. ಆಡಿಟ್‌ಗೆ ಸಹಿ ಮಾಡುವ ಅಧಿಕಾರ ಮಾತ್ರ ಇರುವುದಿಲ್ಲ.

ಕೊನೆಗೆ ಟ್ಯಾಲಿ. ಟ್ಯಾಲಿ ಬರಲೇಬೇಕು, ಆದರೆ ಸರ್ಟಿಫಿಕೇಟ್ ಯಾರೂ ಕೇಳುವುದಿಲ್ಲ. ಆರು ತಿಂಗಳ ಕೋರ್ಸಿಗೆ ದೊಡ್ಡ ಮೊತ್ತ ಕೊಡಬೇಡಿ. ಟ್ಯಾಲಿಯ ಎಜುಕೇಶನಲ್ ಮೋಡ್ ಪುಕ್ಕಟೆ ಸಿಗುತ್ತದೆ, ಅದರಲ್ಲಿ ತಿಂಗಳ ಕೆಲವು ತಾರೀಕುಗಳಿಗೆ ಮಾತ್ರ ಎಂಟ್ರಿ ಹಾಕಲು ಬರುತ್ತದೆ, ಕಲಿಯಲು ಅಷ್ಟು ಸಾಕು. ನಿಮ್ಮ ಅಪ್ಪನ ಒಂದು ವರ್ಷದ ಲೆಕ್ಕವನ್ನೇ ಹಾಕಿ ನೋಡಿ. ಬೀಜ, ಗೊಬ್ಬರ, ಆಳಿನ ಕೂಲಿ, ಸೊಸೈಟಿ ಸಾಲ, ದಲಾಲಿ ಅಂಗಡಿಯ ಮುಂಗಡ, ಕೋಲ್ಡ್ ಸ್ಟೋರೇಜ್ ಬಾಡಿಗೆ, ಮಾರಿದ ಚೀಟಿ. ಬ್ಯಾಂಕ್ ಪಾಸ್‌ಬುಕ್ ಜೊತೆ ತಾಳೆ ಮಾಡಿ. ಅದರ ಪ್ರಿಂಟ್ ತೆಗೆದು ರೆಸ್ಯೂಮ್ ಜೊತೆ ಇಟ್ಟುಕೊಂಡು, ಮುಂದಿನ ತಿಂಗಳು 22 ಕಳೆದ ಮೇಲೆ ಹುಬ್ಬಳ್ಳಿಗೆ ಬನ್ನಿ. 'ಎಕ್ಸ್‌ಪೀರಿಯನ್ಸ್ ಇದೆಯಾ' ಅಂತ ಕೇಳಿದರೆ ಅದನ್ನು ಮುಂದಿಡಿ.